ದಿವಾಡಿಯ ದೋಣಿಗಳು



ಓಲ್ಡ್ ಗೋವಾದಿಂದ ಫೆರಿ ಹತ್ತಿದರೆ ಕೆಲವೇ ನಿಮಿಷಗಳಲ್ಲಿ ದಿವಾಡಿ ದ್ವೀಪ ಸಿಗುತ್ತದೆ. ಗುಡ್ಡದ ಮೇಲಿನ ಪಿಯೆದಾದ್ ಚರ್ಚನ್ನು ನಮ್ಮಲ್ಲಿ ಅನೇಕರು ನೋಡಿದ್ದೇವೆ. ಆದರೆ ಅದೇ ದ್ವೀಪದಲ್ಲಿರುವ ಅಕ್ವೇರಿಯಸ್ ಎಂಬ ಸಣ್ಣ ಶಿಪ್‌ಯಾರ್ಡಿನ ಕಥೆ ಎಷ್ಟು ಜನರಿಗೆ ಗೊತ್ತು?

ಒಬ್ಬ ಭಾರತೀಯ ಹಾಯಿದೋಣಿಯಲ್ಲಿ ಒಂಟಿಯಾಗಿ ಭೂಮಿ ಸುತ್ತಿ ಬರಬೇಕು, ದೋಣಿಯೂ ಇಲ್ಲಿಯೇ ತಯಾರಾಗಬೇಕು. ಇದು ನಿವೃತ್ತ ವೈಸ್ ಅಡ್ಮಿರಲ್ ಮನೋಹರ ಅವಟಿಯವರ ಕನಸು. 2006ರಲ್ಲಿ ನೌಕಾಪಡೆಯ ಕಮಾಂಡರ್ ದಿಲೀಪ್ ದೊಂಡೆ ಹೋಗಲು ಮುಂದೆ ಬಂದರು. ದೋಣಿ ಕಟ್ಟುವ ಕೆಲಸವನ್ನು ದಿವಾಡಿಯ ರತ್ನಾಕರ ದಾಂಡೇಕರ್ ವಹಿಸಿಕೊಂಡರು. ಇಂಥ ಸಾಗರಯಾನದ ಹಾಯಿದೋಣಿಯನ್ನು ಅವರ ಯಾರ್ಡ್ ಅದುವರೆಗೆ ಕಟ್ಟಿರಲಿಲ್ಲ. ವಿನ್ಯಾಸ ಡಚ್ಚರದು, ಕೈಕೆಲಸ ನಮ್ಮವರದು. 56 ಅಡಿ ಉದ್ದದ ಮರದ ಒಡಲಿಗೆ ಫೈಬರ್‌ಗ್ಲಾಸ್ ಹೊದಿಸಿದರು. ದೊಂಡೆಯವರೂ ಯಾರ್ಡಿನಲ್ಲೇ ನಿಂತು ಕೆಲಸ ನೋಡಿಕೊಂಡರು. ಒಂದು ಬೆಸುಗೆ ಸಡಿಲವಾದರೂ ನಡುಸಮುದ್ರದಲ್ಲಿ ಹೋಗುವುದು ಅವರದೇ ಜೀವ ತಾನೇ!

2009ರಲ್ಲಿ ದೋಣಿ ಸಿದ್ಧವಾಯಿತು. ಹೆಸರು 'ಮಹದಾಯಿ'. ಬೆಳಗಾವಿ ಜಿಲ್ಲೆಯ ಖಾನಾಪುರದ ಕಾಡಿನಲ್ಲಿ ಹುಟ್ಟಿ, ಗೋವಾದಲ್ಲಿ ಮಾಂಡೋವಿಯಾಗಿ ದಿವಾಡಿಯನ್ನು ತಬ್ಬಿ ಹರಿಯುವ ನದಿಯ ಹೆಸರದು. ಎರಡೂ ರಾಜ್ಯಗಳು ಜಗಳವಾಡುವ ಅದೇ ಹೆಸರು ಜಗತ್ತನ್ನೇ ಸುತ್ತಿ ಬಂತು. ದೊಂಡೆ 2010ರ ಮೇ ತಿಂಗಳಲ್ಲಿ ಯಾನ ಮುಗಿಸಿದರು. 2013ರಲ್ಲಿ ಅಭಿಲಾಷ್ ಟಾಮಿ ಅದೇ ದೋಣಿಯಲ್ಲಿ ಎಲ್ಲಿಯೂ ನಿಲ್ಲದೆ ಭೂಮಿ ಸುತ್ತಿದ ಮೊದಲ ಭಾರತೀಯರಾದರು.

ನಂತರ ಹುಟ್ಟಿದ್ದು ಮಹದಾಯಿಯ ತಂಗಿ 'ತಾರಿಣಿ'. ವರ್ತಿಕಾ ಜೋಶಿ ನಾಯಕತ್ವದಲ್ಲಿ ಆರು ಮಹಿಳಾ ಅಧಿಕಾರಿಗಳು 2017ರ ಸೆಪ್ಟೆಂಬರಿನಲ್ಲಿ ಹೊರಟು, ಕೇಪ್ ಹಾರ್ನ್ ದಾಟಿ, 2018ರ ಮೇ 21ರಂದು ಗೋವಾಕ್ಕೆ ಮರಳಿದರು.

ಎಲ್ಲ ದೋಣಿಗಳೂ ಮರಳಲಿಲ್ಲ. ಇದೇ ಯಾರ್ಡಿನ 'ತುರೀಯಾ'ದಲ್ಲಿ ಟಾಮಿ ಗೋಲ್ಡನ್ ಗ್ಲೋಬ್ ಸ್ಪರ್ಧೆಗೆ ಹೋಗಿದ್ದರು. 2018ರ ಸೆಪ್ಟೆಂಬರ್ 21ರಂದು ಹಿಂದೂ ಮಹಾಸಾಗರದ ಬಿರುಗಾಳಿ ಅದರ ಕೂವೆಮರ ಮುರಿಯಿತು. ಟಾಮಿಯವರ ಬೆನ್ನಿಗೆ ತೀವ್ರ ಪೆಟ್ಟಾಗಿ ಅಲುಗಾಡುವುದೇ ಕಷ್ಟವಾಯಿತು. ಆದರೆ ಒಡಲು ಮುಳುಗಲಿಲ್ಲ. ಮೂರನೆಯ ದಿನ ಫ್ರೆಂಚ್ ಹಡಗು ತಲುಪುವವರೆಗೆ ಅದು ಅವರನ್ನು ನೀರಿನ ಮೇಲೆ ಹಿಡಿದಿತ್ತು. ನನಗೆ ದಾಖಲೆಗಳಿಗಿಂತ ಇದೇ ದೊಡ್ಡದೆನಿಸುತ್ತದೆ.

ಮುಂದೆ ದಾಂಡೇಕರ್ ಅವರ ಹೋಡಿ ಇನ್ನೊವೇಶನ್ಸ್ ಇನ್ನೂ ಕಷ್ಟದ ಕೆಲಸಕ್ಕೆ ಕೈಹಾಕಿತು. ಅಜಂತಾದ ಚಿತ್ರವೊಂದನ್ನು ನೋಡಿ 5ನೆಯ ಶತಮಾನದ ಹಡಗು ಕಟ್ಟುವುದು! ಹಲಗೆಗಳನ್ನು ಜೋಡಿಸಲು ಮೊಳೆಯಿಲ್ಲ. ಕೇರಳದ ಕುಶಲಕರ್ಮಿಗಳು ತೆಂಗಿನ ನಾರಿನ ಹಗ್ಗದಿಂದ ಅವನ್ನು ಹೊಲಿದರು. ಹೊಲಿದ ಒಡಲು ಅಲೆಗೆ ತುಸು ಬಾಗುತ್ತದೆ, ಅದೇ ಅದರ ಬಲ. 2025ರ ಮೇ 21ರಂದು ಕಾರವಾರದಲ್ಲಿ ಅದು 'ಕೌಂಡಿನ್ಯ' ಎಂಬ ಹೆಸರಿನಿಂದ ನೌಕಾಪಡೆ ಸೇರಿತು. ಅದರ ಹಾಯಿಯ ಮೇಲೆ ಗಂಡಭೇರುಂಡವಿದೆ.

ಮಿತ್ರರೇ, ದಡ ಸೇರಿದವರ ಹೆಸರು ಪತ್ರಿಕೆಯಲ್ಲಿ ಬರುತ್ತದೆ. ಹಲಗೆ ಉಜ್ಜಿದವರ, ಹಗ್ಗ ಬಿಗಿದವರ ಹೆಸರು ಬರುವುದು ಕಡಿಮೆ. ನಮ್ಮ ಮನೆಗಳಲ್ಲೂ ಬಡಗಿಗಳು, ವೆಲ್ಡರುಗಳು, ಫಿಟ್ಟರುಗಳು ಇದ್ದಾರೆ. ಅವರ ಕೆಲಸವನ್ನು ಸಣ್ಣದೆನ್ನುವ ಮುನ್ನ ತುರೀಯಾದ ಒಡಲನ್ನು ನೆನೆಯೋಣ. ಮುಂದಿನ ಸಲ ದಿವಾಡಿ ಫೆರಿ ಹತ್ತಿದಾಗ ಮಕ್ಕಳಿಗೆ ಈ ಕಥೆ ಹೇಳಿ.