ಅಟ್ಟ ಸೇರಿದ ರೇಡಿಯೋಗಳು

ಮೈಸೂರಿನಲ್ಲಿ ಮನಶ್ಶಾಸ್ತ್ರದ ಪ್ರಾಧ್ಯಾಪಕರಾಗಿದ್ದ ಎಂ.ವಿ. ಗೋಪಾಲಸ್ವಾಮಿಯವರು 1935ರಲ್ಲಿ ತಮ್ಮ ಮನೆಯಿಂದಲೇ ಬಾನುಲಿ ಪ್ರಸಾರ ಆರಂಭಿಸಿದ್ದು ಎಲ್ಲರಿಗೂ ಗೊತ್ತು. ಬಾನುಲಿಯನ್ನು ಮನೆಮನೆಗೆ ಕೇಳಿಸಿದ ಪೆಟ್ಟಿಗೆಗಳು ಮುಂದೆ ಏನಾದವು ಎಂಬುದನ್ನು ಬರೆದವರು ಕಡಿಮೆ. ಟಿ.ವಿ. ಬಂದ ಮೇಲೆ ಅವು ಅಟ್ಟ ಸೇರಿದವು. ನಮ್ಮ ಮಲೆನಾಡಿನ ಮನೆಯವೂ ಸೇರಿದವು.

ಅಜ್ಜನ ವಾಲ್ವ್ ರೇಡಿಯೋ ಜಗಲಿಯಲ್ಲಿ ಹಾಡುತ್ತಿದ್ದಷ್ಟು ಕಾಲ ಮಳೆಗಾಲಕ್ಕೆ ಹೆದರಲಿಲ್ಲ. ವಾಲ್ವುಗಳು ಕಾದು ಒಳಗಿನ ತೇವವನ್ನು ತಾವೇ ಆರಿಸುತ್ತಿದ್ದವು. ಅಟ್ಟದಲ್ಲಿ ಆ ಬಿಸಿ ಇಲ್ಲ. ಮರದ ಪೆಟ್ಟಿಗೆಗೆ ಒರಲೆ ಹತ್ತಿತು, ರಬ್ಬರು ಹೊದಿಸಿದ ತಂತಿಯನ್ನು ಇಲಿ ಕಡಿಯಿತು, ಸ್ಪೀಕರಿನ ಕಾಗದವನ್ನು ಜಿರಳೆ ಕೆರೆಯಿತು. ಅಮ್ಮ ನುಸಿಗುಳಿಗೆ ಇಟ್ಟು ಹಳೆಯ ಹತ್ತಿ ಸೀರೆ ಸುತ್ತಿದ್ದಳು. ಈಗಿನವರ ಪ್ಲಾಸ್ಟಿಕ್ ಚೀಲಕ್ಕಿಂತ ಅದು ಮೇಲು. ಚೀಲ ಒಳಗಿನ ತೇವವನ್ನು ಹೊರಗೆ ಬಿಡುವುದಿಲ್ಲ.

ಅಪ್ಪನ ಟ್ರಾನ್ಸಿಸ್ಟರನ್ನು ಮಾತ್ರ ಯಾವ ಹುಳುವೂ ಮುಟ್ಟಲಿಲ್ಲ. 1971ರ ಡಿಸೆಂಬರಿನಲ್ಲಿ ಯುದ್ಧದ ಸುದ್ದಿ ಕೇಳಲು ನೆರೆಹೊರೆಯವರೆಲ್ಲ ಕೂರುತ್ತಿದ್ದುದು ಅದರ ಸುತ್ತಲೇ. ಅದನ್ನು ತಿಂದದ್ದು ಒಳಗೇ ಉಳಿದ ಸೆಲ್ಲುಗಳು. ಆ ಕಾಲದ ಸೆಲ್ಲಿನ ಸತುವಿನ ಕವಚವೇ ಅದರ ಋಣಧ್ರುವ. ಕರೆಂಟು ಕೊಡುತ್ತ ಕೊಡುತ್ತ ಕವಚ ಸವೆಯುತ್ತದೆ, ತೂತು ಬೀಳುತ್ತದೆ, ನವಸಾಗರದ ರಸ ಸೋರುತ್ತದೆ. ಸ್ಪ್ರಿಂಗು ತುಕ್ಕಾಗಿ ಉದುರಿತ್ತು. ಸರ್ಕ್ಯೂಟ್ ಹಲಗೆಯ ತಾಮ್ರದ ಗೆರೆಗಳು ಹಸಿರು ಪುಡಿಯಾಗಿದ್ದವು. ಸೆಲ್ಲು ತೆಗೆದಿಡಲು ಒಂದು ನಿಮಿಷ ಬೇಕಿತ್ತು, ಅಷ್ಟೆ.

ಅಜ್ಜನದು ಬದುಕಿತು. ಹಳೆಯ ಕೆಪಾಸಿಟರುಗಳನ್ನು ಬದಲಿಸುವವರೆಗೆ ಪ್ಲಗ್ ಹಾಕಲೇಬೇಡಿ ಎಂದ ರಿಪೇರಿಯವರು, ಸ್ಪೀಕರಿನ ಕಾಗದಕ್ಕೂ ತೇಪೆ ಹಾಕಿ ಕೊಟ್ಟರು. ಹಾಡು ಸ್ವಲ್ಪ ಒಡಕಾಗಿ ಕೇಳುತ್ತದೆ.