ನಲಿ-ಕಲಿ

ಕರ್ನಾಟಕದ ಸರ್ಕಾರಿ ಕಿರಿಯ ಪ್ರಾಥಮಿಕ ತರಗತಿಗಳ ಚಟುವಟಿಕೆ ಆಧಾರಿತ ಕಲಿಕಾ ಪದ್ಧತಿ. ಅದಕ್ಕೆಂದೇ ಸಿದ್ಧವಾದ ಕಲಿಕಾ ಸಾಮಗ್ರಿಗೂ ಇದೇ ಹೆಸರು. ಆಂಧ್ರದ ರಿಷಿವ್ಯಾಲಿಯ ಗ್ರಾಮೀಣ ಶಾಲೆಗಳ ಪ್ರಯೋಗವನ್ನು ನೋಡಿ ಬಂದ ಶಿಕ್ಷಕರು 1995ರಲ್ಲಿ ಮೈಸೂರು ಜಿಲ್ಲೆಯ ಹೆಗ್ಗಡದೇವನಕೋಟೆ ತಾಲ್ಲೂಕಿನಲ್ಲಿ, ಯುನಿಸೆಫ್ ನೆರವಿನಿಂದ ಇದನ್ನು ಆರಂಭಿಸಿದರು. ಸಾಮಗ್ರಿಯನ್ನು ತರಗತಿಯಲ್ಲಿ ಪಾಠ ಮಾಡುವವರೇ ರೂಪಿಸಿದ್ದು ಇದರ ದೊಡ್ಡ ಹೆಚ್ಚುಗಾರಿಕೆ. 2009–10ರಿಂದ ರಾಜ್ಯದಾದ್ಯಂತ ವಿಸ್ತರಿಸಿತು.

ಪಠ್ಯವನ್ನು ಮೈಲಿಗಲ್ಲುಗಳಾಗಿ, ಮೈಲಿಗಲ್ಲನ್ನು ಚಿತ್ರಸಂಕೇತವುಳ್ಳ ಕಾರ್ಡುಗಳಾಗಿ ಒಡೆಯಲಾಗಿದೆ. ಗೋಡೆಯ ಮೇಲಿನ ಕಲಿಕಾ ಏಣಿಯಲ್ಲಿ ತಾನು ಎಲ್ಲಿದ್ದೇನೆಂದು ನೋಡಿಕೊಂಡು ಮಗು ತನ್ನ ಕಾರ್ಡನ್ನು ತಾನೇ ತೆಗೆದುಕೊಳ್ಳುತ್ತದೆ. ನಾಲ್ಕು ದಿನ ಶಾಲೆ ತಪ್ಪಿಸಿದ ಮಗು ಬಿಟ್ಟಲ್ಲಿಂದಲೇ ಮುಂದುವರಿಯಬಹುದು. ಸುಗ್ಗಿಗೋ ಗುಳೆಗೋ ಹೋಗಿಬರುವ ಮನೆಗಳ ಮಕ್ಕಳಿಗೆ ಇದು ಸಣ್ಣ ಅನುಕೂಲವಲ್ಲ.

ಅಕ್ಷರ ಕಲಿಕೆ ವರ್ಣಮಾಲೆಯ ಕ್ರಮದಲ್ಲಿ ಸಾಗುವುದಿಲ್ಲ. ಮೊದಲು ಬರುವುದು ರ, ಗ, ಸ, ದ, ಅ. ಈ ಐದರಿಂದಲೇ ಸರ, ಅಗಸ, ಅರಸ, ಗರಗಸ ಎಂದು ಓದಲು ಬರುವುದರಿಂದ, ಕಾಗುಣಿತ ಮುಟ್ಟುವ ಮೊದಲೇ ಮಗುವಿಗೆ ಓದಿನ ರುಚಿ ಹತ್ತುತ್ತದೆ.

ಬೇರೆ ಬೇರೆ ತರಗತಿಯ ಮಕ್ಕಳು ಒಂದೇ ಕೋಣೆಯಲ್ಲಿ ಐದು ಗುಂಪುಗಳಾಗಿ ಕೂರುತ್ತಾರೆ: ಶಿಕ್ಷಕರ ಪೂರ್ಣ ಬೆಂಬಲದ ಗುಂಪಿನಿಂದ ಹಿಡಿದು ಗೆಳೆಯರ ನೆರವಿನ ಗುಂಪು, ಸ್ವಕಲಿಕೆಯ ಗುಂಪಿನವರೆಗೆ. ಮಕ್ಕಳು ಬರೆದದ್ದು, ಕತ್ತರಿಸಿದ್ದು ತಲೆಯ ಮೇಲೆ ದಾರ ಕಟ್ಟಿದ ಚಪ್ಪರದಲ್ಲಿ ತೂಗುತ್ತವೆ. ಪದ್ಧತಿಯ ಯಶಸ್ಸು ಶಿಕ್ಷಕರ ತರಬೇತಿ ಮತ್ತು ಸಂಖ್ಯೆಯನ್ನು ಬಹುವಾಗಿ ಅವಲಂಬಿಸಿದೆ. ಹರಿದ, ಕಳೆದುಹೋದ ಕಾರ್ಡುಗಳು ಸಕಾಲಕ್ಕೆ ಬದಲಾಗದಿದ್ದರೆ ಏಣಿಯ ಮೆಟ್ಟಿಲೇ ಮುರಿಯುತ್ತದೆ.