ಮುದ್ರೆಯೊತ್ತಿದ ಸೀಸೆಯೊಳಗಿನ ನಂಜು

1902ನೆಯ ಅಕ್ಟೋಬರ್ 30ರಂದು ಪಂಜಾಬಿನ ಮುಲ್ಕೋವಾಲ್ ಗ್ರಾಮದಲ್ಲಿ 107 ಮಂದಿಗೆ ವಿಜ್ಞಾನಿ ಹ್ಯಾಫ್ಕಿನ್ನರು ರೂಪಿಸಿದ ಪ್ಲೇಗು ಲಸಿಕೆಯನ್ನು ಚುಚ್ಚಲಾಯಿತು. ಅವರಲ್ಲಿ 19 ಮಂದಿ ಧನುರ್ವಾಯುವಿನಿಂದ ಮೃತರಾದರು. ಮಡಿದವರೆಲ್ಲರೂ 53-ಎನ್ ಎಂಬ ಒಂದೇ ಸೀಸೆಯಿಂದ ಲಸಿಕೆ ಪಡೆದವರೆಂಬುದೂ, ಅದೇ ದಿನ ಬೇರೆ ಸೀಸೆಗಳಿಂದ ಚುಚ್ಚಿಸಿಕೊಂಡವರಿಗೆ ಯಾವ ಬಾಧೆಯೂ ತಟ್ಟಲಿಲ್ಲವೆಂಬುದೂ ದಾಖಲೆಯಿಂದ ತಿಳಿದುಬಂದುದರಿಂದ, ನಂಜು ಆ ಒಂದು ಸೀಸೆಯಲ್ಲಿಯೇ ಇದ್ದಿತೆಂಬುದು ನಿಸ್ಸಂದೇಹವಾಯಿತು. ಆದರೆ ಅದು ಒಳಹೊಕ್ಕದ್ದು ಲಸಿಕೆ ತಯಾರಾದ ಮುಂಬಯಿಯ ಪ್ರಯೋಗಶಾಲೆಯಲ್ಲೋ, ಅಥವಾ ಗ್ರಾಮದಲ್ಲಿ ನೆಲಕ್ಕೆ ಬಿದ್ದ ಇಕ್ಕುಳದಿಂದ ಬಿರಡೆಯನ್ನು ಕಿತ್ತಾಗಲೋ ಎಂಬ ವಿವಾದವು ವರ್ಷಗಟ್ಟಲೆ ಬೆಳೆಯಿತು. ಈ ಪ್ರಕರಣದಿಂದಾಗಿ ಹುದ್ದೆಯಿಂದ ದೂರವಿಡಲ್ಪಟ್ಟ ಹ್ಯಾಫ್ಕಿನ್ನರು, ವಿಜ್ಞಾನಿ ರೊನಾಲ್ಡ್ ರಾಸ್ ಮೊದಲಾದವರು ದನಿಯೆತ್ತಿದ ಮೇಲೆ, 1907ರಲ್ಲಿ, ದೋಷಮುಕ್ತರಾದರು.

ಮುಲ್ಕೋವಾಲಿನಲ್ಲಿ ಮೃತ್ಯು ಒಂದೇ ಊರಿನಲ್ಲಿ, ಒಮ್ಮೆಲೇ ಎರಗಿತು. ಕಲುಷಿತ ಸಾಮಗ್ರಿಯು ಹಲವು ಆಸ್ಪತ್ರೆಗಳಿಗೆ ಹಂಚಿಹೋಗಿ, ಒಂದೊಂದರಲ್ಲಿಯೂ ಕೆಲವೇ ರೋಗಿಗಳನ್ನು ಬಾಧಿಸಿದಾಗ ಶೋಧವು ಎಷ್ಟು ದುಸ್ತರವಾಗುವುದೆಂಬುದನ್ನು 1970-71ರ ಅಮೆರಿಕದ ಪ್ರಕರಣವು ತೋರಿಸುತ್ತದೆ. ಅಲ್ಲಿ ಡ್ರಿಪ್ ಹಾಕಿಸಿಕೊಂಡಿದ್ದ ರೋಗಿಗಳಲ್ಲಿ ರಕ್ತನಂಜು ಕಾಣಿಸಿಕೊಳ್ಳತೊಡಗಿತು. ಸಂದೇಹವು ಮೊದಲು ವಾರ್ಡಿನ ಕಡೆಗೆ, ದಾದಿಯರ ಕೈಗಳ ಕಡೆಗೆ, ಸೂಜಿಯ ಕಡೆಗೆ ತಿರುಗುವುದು ಸಹಜ. ಕಾರ್ಖಾನೆಯ ಮುದ್ರೆಯುಳ್ಳ ಸೀಸೆಯನ್ನು ಶಂಕಿಸುವವರಾರು? ಆದರೆ ರೋಗಿಗಳ ರಕ್ತದಲ್ಲಿ ದೊರೆತ ಎಂಟರೋಬ್ಯಾಕ್ಟರ್ ಕ್ಲೋಯೇಸೀ ಮತ್ತು ಅದರ ಸಮೀಪದ ಇನ್ನೊಂದು ಜೀವಾಣು ಆಗ ರಕ್ತನಂಜಿನಲ್ಲಿ ಸಾಮಾನ್ಯವಾಗಿ ಕಾಣುತ್ತಿದ್ದಂಥವಲ್ಲ. ಔಷಧಕ್ಕೆ ಜಗ್ಗದ ಜ್ವರವು ಡ್ರಿಪ್ಪನ್ನು ತೆಗೆದೊಡನೆ ಇಳಿಯುತ್ತಿದ್ದುದೂ ಅರ್ಥಪೂರ್ಣವಾದ ಸುಳಿವಾಗಿತ್ತು. ಹಲವು ಆಸ್ಪತ್ರೆಗಳ ವರದಿಗಳನ್ನು ಒಂದೆಡೆ ಇಟ್ಟು ತೂಗಿನೋಡಿದ ರೋಗ ನಿಯಂತ್ರಣ ಕೇಂದ್ರದ ತಜ್ಞರಿಗೆ, ಅವೆಲ್ಲವೂ ಅಬಾಟ್ ಸಂಸ್ಥೆಯ ದ್ರಾವಣವನ್ನೇ ಬಳಸುತ್ತಿದ್ದವೆಂಬುದು ಗೋಚರಿಸಿತು.

ಇಲ್ಲಿ ನಂಜಿನ ನೆಲೆಯೇ ವಿಸ್ಮಯಕರವಾದುದು. ಸೀಸೆಯ ತಿರುಪು ಮುಚ್ಚಳದ ಒಳಗಣ ಬಿಲ್ಲೆಯನ್ನು ಸಂಸ್ಥೆಯು ಆಗಷ್ಟೇ ಬದಲಾಯಿಸಿ, ಹೊಸ ಬಗೆಯ ಕೃತಕ ವಸ್ತುವಿನಿಂದ ಮಾಡಿದುದನ್ನು ಬಳಕೆಗೆ ತಂದಿತ್ತು. ಇನ್ನೂ ತೆರೆಯದ ಸೀಸೆಗಳಲ್ಲಿಯೂ ಆ ಬಿಲ್ಲೆಯ ಅಡಿಯಲ್ಲಿ ಜೀವಾಣುಗಳು ದೊರೆತವು. ಮುಚ್ಚಳವನ್ನು ತಿರುಪಿ ತೆಗೆದು, ಔಷಧ ಬೆರಸಿ, ಮತ್ತೆ ಹಾಕುವಾಗ ಅವು ದ್ರಾವಣಕ್ಕೆ ಇಳಿದು, ಗ್ಲೂಕೋಸಿನಲ್ಲಿ ಕೋಣೆಯ ಶಾಖದಲ್ಲಿಯೇ ವೃದ್ಧಿಹೊಂದುತ್ತಿದ್ದವು. ಮಿಲಿಲೀಟರಿಗೆ ಲಕ್ಷಗಟ್ಟಲೆಯಾದರೂ ದ್ರವವು ಸ್ಫಟಿಕದಂತೆ ತಿಳಿಯಾಗಿಯೇ ಇರುತ್ತಿದ್ದುದರಿಂದ ಕಣ್ಣಿನ ಪರೀಕ್ಷೆಗೆ ಏನೂ ಸಿಕ್ಕುತ್ತಿರಲಿಲ್ಲ. 1971ರ ಮಾರ್ಚಿಯಲ್ಲಿ, ಡ್ರಿಪ್ಪಿನ ಸೀಸೆ ಮತ್ತು ಕೊಳವೆಗಳನ್ನು 24 ಗಂಟೆಗೊಮ್ಮೆ ಬದಲಿಸಬೇಕೆಂಬ ಸೂಚನೆ ಮೊದಲು ಹೊರಟು, 22ರಂದು ಸರಕನ್ನೇ ಹಿಂತೆಗೆಸಲಾಯಿತು. ಅದರೊಡನೆ ಪಿಡುಗೂ ಅಡಗಿತು. ಅಷ್ಟರಲ್ಲಿ 25 ಆಸ್ಪತ್ರೆಗಳಲ್ಲಿ 378 ರೋಗಿಗಳು ಪೀಡಿತರಾಗಿದ್ದರು.

ಮರುವರ್ಷ, 1972ರ ಮಾರ್ಚಿಯಲ್ಲಿ, ಇಂಗ್ಲೆಂಡಿನ ಪ್ಲಿಮತ್ ಜನರಲ್ ಆಸ್ಪತ್ರೆಯ ಡೆವನ್‌ಪೋರ್ಟ್ ವಿಭಾಗದಲ್ಲಿ ಗ್ಲೂಕೋಸ್ ದ್ರಾವಣವೇ ರೋಗಿಗಳ ಮರಣಕ್ಕೆ ಹೇತುವಾಯಿತು. ಇವಾನ್ಸ್ ಮೆಡಿಕಲ್ ಸಂಸ್ಥೆಯ ಆ ಸರಕು ಕುದಿಯಾವಿಯಲ್ಲಿ ಶುದ್ಧೀಕರಣಗೊಂಡಿದ್ದುದು 1971ರ ಏಪ್ರಿಲ್‌ನಲ್ಲಿ. ಆಟೋಕ್ಲೇವ್ ಎಂಬ ಆ ಶುದ್ಧೀಕರಣ ಯಂತ್ರದ ಒಳಗಿನ ಗಾಳಿ ಪೂರ್ತಿ ಹೊರಹೋಗದೆ ತಳದಲ್ಲಿ ಉಳಿದುದರಿಂದ ಕೆಳಸಾಲಿನ ಸೀಸೆಗಳು ಬೇಕಾದಷ್ಟು ಕಾಯಲಿಲ್ಲ. ತಳದ ಉಷ್ಣಮಾಪಕವು ಶಾಖವೇರಲಿಲ್ಲವೆಂದು ಸತ್ಯವನ್ನೇ ಬರೆಯುತ್ತಿತ್ತು. ಆದರೆ ಮೇಲಿನ ಮಾಪಕವು ಸರಿಯಾಗಿ ತೋರಿಸಿದ್ದರಿಂದ ಕೆಳಗಿನದೇ ಕೆಟ್ಟಿದೆಯೆಂದು ಕೆಲಸಗಾರರು ಭಾವಿಸಿದರು. ಮಾದರಿ ಪರೀಕ್ಷೆಯೂ ದೋಷವನ್ನು ಹಿಡಿಯದೆ ಸರಕನ್ನು ಹೊರಬಿಟ್ಟಿತು. ಈ ದುರಂತದ ತನಿಖೆ ನಡೆಸಿದ ಕ್ಲೋದಿಯರ್ ಸಮಿತಿಯು ಅದೇ ವರ್ಷ ಸಲ್ಲಿಸಿದ ವರದಿಯಲ್ಲಿ, ಶುದ್ಧೀಕರಣವೆಂಬುದು ಸುಲಭ ಯಂತ್ರದಿಂದ, ಅಲ್ಪ ಕುಶಲರಿಂದ, ಹೆಚ್ಚಿನ ಮೇಲ್ವಿಚಾರಣೆಯಿಲ್ಲದೆ ಆಗಿಹೋಗುವ ಕಾರ್ಯವೆಂಬ ಭಾವನೆಯನ್ನೇ ಕಟುವಾಗಿ ಖಂಡಿಸಿತು.

ಸಿದ್ಧವಾದ ಸೀಸೆಗಳಿಂದ ಕೆಲವನ್ನು ಆರಿಸಿ ಪರೀಕ್ಷಿಸುವ ಕ್ರಮವು ಇಂಥ ನಂಜಿಗೆ ಸಾಲದೆಂಬುದು ಡೆವನ್‌ಪೋರ್ಟಿನಿಂದ ಸಿದ್ಧಪಟ್ಟಿದೆ. ಮುಲ್ಕೋವಾಲಿನಲ್ಲಿ ಸೀಸೆಯ ಸಂಖ್ಯೆ ಬರಹದಲ್ಲಿ ಉಳಿಯದೆ ಹೋಗಿದ್ದಲ್ಲಿ ಲಸಿಕೆಯ ಮೇಲೆಯೇ ಸಮಗ್ರ ಅಪವಾದವು ನಿಲ್ಲುತ್ತಿತ್ತು. ಆದಕಾರಣ ರೋಗಿಯ ಕೇಸ್ ಶೀಟಿನಲ್ಲಿ ಔಷಧದ ಹೆಸರಿನೊಡನೆ ಅದರ ಬ್ಯಾಚ್ ನಂಬರನ್ನೂ ತಪ್ಪದೆ ಬರೆಯುವ ಪದ್ಧತಿಯನ್ನು ನಮ್ಮ ಆಸ್ಪತ್ರೆಗಳು, ದೊಡ್ಡವಿರಲಿ ಚಿಕ್ಕವಿರಲಿ, ರೂಢಿಗೆ ತರಬೇಕೆಂದು ವೈದ್ಯರಲ್ಲಿಯೂ ಆಡಳಿತಗಾರರಲ್ಲಿಯೂ ನನ್ನ ವಿನಮ್ರ ಪ್ರಾರ್ಥನೆ.